ನೀರು, ಕಸ, ಕರೆಂಟು: ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನೆಲ, ನೀರು, ರೊಕ್ಕ ಮೂರನ್ನೂ ಹಾಳು ಮಾಡದೆ ಮನೆಮಂದಿಯೆಲ್ಲ ಸೇರಿ ಬದುಕುವುದು ಹೇಗೆ ಅಂತ ಓಣಿಯಲ್ಲಿ ಜನ ಕೇಳುವ ಪ್ರಶ್ನೆಗಳು ಇವು. ಉತ್ತರಗಳನ್ನು ಹುಬ್ಬಳ್ಳಿ-ಧಾರವಾಡದ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿದೆ. ಗದಗ, ಹಾವೇರಿಯವರಿಗೂ ಹೆಚ್ಚಿನವು ಹೊಂದುತ್ತವೆ. ಹೊಂದದ ಕಡೆ ಅಲ್ಲೇ ಹೇಳಿದೆ.

ಎಲ್ಲಿಂದ ಶುರು ಮಾಡೋದು? ಮೊದಲು ಏನೇನು ಕೊಳ್ಳಬೇಕು?

ಏನೂ ಕೊಳ್ಳಬೇಡಿ. ಬಿದಿರಿನ ಬ್ರಷ್ಷು, ಸ್ಟೀಲಿನ ಸ್ಟ್ರಾ, ಗಾಜಿನ ಡಬ್ಬಿಗಳ ಸೆಟ್ಟು ಅಂತ ಆನ್‌ಲೈನ್‌ನಲ್ಲಿ ತರಿಸಿದರೆ ಮನೆಯಲ್ಲಿ ಸಾಮಾನು ಜಾಸ್ತಿ ಆಗುತ್ತದೆ ಅಷ್ಟೇ. ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇಳೆ, ರವೆ ತುಂಬಿ ಅದು ಒಡೆಯುವ ತನಕ ಬಳಸಿ. ಬಿಸಿ ಪದಾರ್ಥ ಮಾತ್ರ ಅದರಲ್ಲಿ ಹಾಕಬೇಡಿ.

ಒಂದು ವಾರ ಸುಮ್ನೆ ನೋಡುತ್ತಾ ಇರಿ. ಕಸದ ಬುಟ್ಟಿಯಲ್ಲಿ ಏನು ಬೀಳುತ್ತಿದೆ, ತುಂಬಿದ ನೀರು ಎಲ್ಲಿ ಖರ್ಚಾಗುತ್ತಿದೆ, ಕರೆಂಟ್ ಬಿಲ್ಲಿನಲ್ಲಿ ಎಷ್ಟು ಯೂನಿಟ್ ಬಂದಿದೆ. ಬಹುತೇಕ ಮನೆಗಳಲ್ಲಿ ಬುಟ್ಟಿಯ ಅರ್ಧಕ್ಕಿಂತ ಹೆಚ್ಚು ಅಡಿಗೆಮನೆಯ ಹಸಿ ಕಸವೇ ಇರುತ್ತದೆ. ಮೂರರಲ್ಲಿ ನಿಮಗೆ ಯಾವುದು ಸುಲಭ ಅನಿಸುತ್ತದೋ ಅದನ್ನು ಹಿಡಿಯಿರಿ. ಉಳಿದೆರಡು ಆಮೇಲೆ.

ಇದೆಲ್ಲ ಕಡೆಗೆ ಮನೆಯ ಹೆಣ್ಣುಮಕ್ಕಳ ತಲೆ ಮೇಲೇ ಬರ್ತದಲ್ಲ?

ಬರುತ್ತದೆ. ಇಂಥ ಪ್ರಯತ್ನಗಳು ಕೆಲವೇ ವಾರಗಳಲ್ಲಿ ನಿಂತುಹೋಗುವುದಕ್ಕೆ ಇದೇ ದೊಡ್ಡ ಕಾರಣ. ಗಂಡ ವಿಡಿಯೋ ನೋಡಿ "ನಾಳೆಯಿಂದ ಗೊಬ್ಬರ ಮಾಡೋಣ" ಅಂತಾನೆ. ಸಿಪ್ಪೆ ಹೆಚ್ಚೋದು, ಡ್ರಮ್ಮು ತಿರುವೋದು, ಹುಳ ಬಂದಾಗ ಬೈಸಿಕೊಳ್ಳೋದು ಅವನ ಹೆಂಡತಿ. ಮೂರನೇ ವಾರಕ್ಕೆ ಆಕೆ ಡ್ರಮ್ಮನ್ನು ಹಿತ್ತಲಿಗೆ ದೂಡಿದರೆ ತಪ್ಪು ಆಕೆಯದಲ್ಲ.

"ಸಹಾಯ ಮಾಡ್ತೀನಿ" ಅನ್ನೋ ಮಾತು ಬಿಟ್ಟು ಕೆಲಸಕ್ಕೆ ಹೆಸರು ಹಚ್ಚಿ. ಗೊಬ್ಬರದ ಡ್ರಮ್ಮು ಅಪ್ಪನದು. ಹಾಲಿನ ಪಾಕೀಟು ತೊಳೆದು ಒಣಗಿಸೋದು ಮಗಳದು. ಸಂತೆ ಚೀಲ ಗಾಡಿಯಲ್ಲಿ ಇದೆಯೋ ಇಲ್ಲವೋ ನೋಡೋದು ಮಗನದು. ಬುಧವಾರ ನೀರಿನ ಡ್ರಮ್ಮು ತಿಕ್ಕೋದು ಇಂಥವರದು ಅಂತ ಕ್ಯಾಲೆಂಡರಿನ ಮೇಲೆ ಬರೆಯಿರಿ. ಯಾರ ಕೆಲಸ ಅಂತ ಗೊತ್ತಿಲ್ಲದ್ದು ಕೊನೆಗೆ ಅವ್ವನ ಕೆಲಸವೇ ಆಗುತ್ತದೆ. ಮುಂದಿನ ಪ್ರತಿ ಉತ್ತರವನ್ನೂ ಇದನ್ನು ನೆನಪಿಟ್ಟುಕೊಂಡೇ ಓದಿ: ಮಾಡೋದು ಯಾರು?

ಹೊಸ ನೀರು ಬಂದ ಕೂಡಲೇ ಹಳೇ ನೀರು ಚೆಲ್ಲಬೇಕಾ?

ನಮ್ಮ ಕಡೆಯ ದೊಡ್ಡ ಪ್ರಶ್ನೆ ಇದೇ. 2008ರಲ್ಲಿ ಅವಳಿನಗರದ ಕೆಲವು ವಾರ್ಡುಗಳಿಗೆ 24 ತಾಸಿನ ನೀರು ಬಂತು. ಉಳಿದ ಎಷ್ಟೋ ಓಣಿಗಳಲ್ಲಿ ಇವತ್ತಿಗೂ ನಳ ಬರುವುದು ಕೆಲವು ದಿನಕ್ಕೊಮ್ಮೆ. ಹಾಗಾಗಿ ಸಂಪು, ಟಾಕಿ, ಡ್ರಮ್ಮು, ಹಂಡೆ, ಕೊಡ ಎಲ್ಲ ತುಂಬಿಡುತ್ತೇವೆ. ಮುಂದಿನ ಸಲ "ನಳ ಬಂದಾವು" ಅಂತ ಯಾರೋ ಕೂಗಿದ ಕೂಡಲೇ ಮಿಕ್ಕಿದ್ದೆಲ್ಲ ಗಟಾರಕ್ಕೆ. "ನೀರು ಹಳೇವಾಗ್ಯಾವು, ಚೆಲ್ಲು."

ಆ ನೀರು ಬಂದ ದಾರಿ ನೋಡಿ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೆಯಿಂದ ಹೊರಟು, ಅಮ್ಮಿನಬಾವಿಯಲ್ಲಿ ಶುದ್ಧವಾಗಿ, ಪಂಪಿನ ಬಲದಲ್ಲಿ ಏರಿ ನಮ್ಮ ಓಣಿಗೆ ಬಂದಿರುತ್ತದೆ. ಹುಬ್ಬಳ್ಳಿಗೆ ಆಸರೆಯಾದ ಇನ್ನೊಂದು ಕೆರೆ, ಕಲಘಟಗಿ ಕಡೆಯ ನೀರಸಾಗರ, ಬರಗಾಲದಲ್ಲಿ ತಳ ಕಂಡಿದ್ದನ್ನು ನೋಡಿದವರು ನಾವು. ಒಂದು 200 ಲೀಟರಿನ ಡ್ರಮ್ಮು ಅರ್ಧ ಚೆಲ್ಲಿದರೆ 100 ಲೀಟರು ಹೋಯಿತು.

ತೊಳೆದ ಪಾತ್ರೆಯಲ್ಲಿ ಮುಚ್ಚಿಟ್ಟ ನೀರು ನಾಲ್ಕೈದು ದಿನಕ್ಕೆ ಕೆಡುವುದಿಲ್ಲ. ಅದರಲ್ಲಿರುವ ಕ್ಲೋರಿನ್ ಮಾತ್ರ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಕುಡಿಯುವ ನೀರನ್ನು ಬೇರೆ ಇಟ್ಟು, ಕೈ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆದು, ಕಾಯಿಸಿ ಅಥವಾ ಫಿಲ್ಟರ್ ಮಾಡಿ ಕುಡಿಯಿರಿ. ಮಿಕ್ಕ ಹಳೇ ನೀರು ಬಟ್ಟೆ ಒಗೆಯಲು, ನೆಲ ಒರೆಸಲು, ಸಂಡಾಸಿಗೆ, ಗಿಡಕ್ಕೆ ಧಾರಾಳ ಆಗುತ್ತದೆ. ನಳ ಬರುವ ಹಿಂದಿನ ದಿನವೇ ಬಟ್ಟೆ ಒಗೆಯುವುದನ್ನು ಇಟ್ಟುಕೊಳ್ಳಿ. ಡ್ರಮ್ಮು ತಾನೇ ಖಾಲಿ ಆಗುತ್ತದೆ, ಚೆಲ್ಲುವ ಪ್ರಶ್ನೆಯೇ ಇಲ್ಲ.

ಮಹದಾಯಿ ನೀರು ಮಲಪ್ರಭೆಗೆ ಯಾವಾಗ ಬರುತ್ತದೋ, ಅದಕ್ಕೆ ಹೋರಾಟ ನಡೆದೇ ಇದೆ. ಅಡಿಗೆಮನೆಯ ನಳ ಸೋರುವುದನ್ನು ಮಾತ್ರ ಒಂದು ವಾಷರ್ ಹಾಕಿ ಇವತ್ತೇ ನಿಲ್ಲಿಸಬಹುದು. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ 20 ಲೀಟರಿಗಿಂತ ಜಾಸ್ತಿ.

ನೀರು ತುಂಬಿಟ್ಟರೆ ಡೆಂಗಿ ಬರುತ್ತದೆ ಅಂತಾರಲ್ಲ?

ಮುಚ್ಚಿಟ್ಟರೆ ಬರುವುದಿಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಮನೆಯ ತಿಳಿನೀರಿನಲ್ಲೇ. ಬಿಸಿಲಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆ ಆಗಲು ಹೆಚ್ಚುಕಡಿಮೆ ಒಂದು ವಾರದಿಂದ ಹತ್ತು ದಿನ ಸಾಕು. ನಮ್ಮ ನಳ ಬರುವ ಅಂತರ, ಈ ಲೆಕ್ಕ ಎರಡೂ ಹತ್ತಿರ ಹತ್ತಿರ ಇವೆ, ಅದೇ ತೊಂದರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮೊಟ್ಟೆಗಳು ನೀರಿನಲ್ಲಿ ತೇಲುತ್ತಾ ಇರುವುದಿಲ್ಲ. ನೀರಿನ ಮಟ್ಟದ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಕರೀ ಚುಕ್ಕೆಗಳ ಹಾಗೆ ಅಂಟಿರುತ್ತವೆ. ನೀರಿಲ್ಲದೆ ಒಣಗಿಯೂ ತಿಂಗಳುಗಟ್ಟಲೆ ಬದುಕಿ, ನೀರು ಮುಟ್ಟಿದಾಗ ಮರಿಯಾಗುತ್ತವೆ. ನೀರು ಚೆಲ್ಲಿ, ಡ್ರಮ್ಮು ಬೋರಲು ಹಾಕಿದರೆ ಸಾಲದು ಅನ್ನುವುದು ಇದಕ್ಕೇ. ತೆಂಗಿನ ನಾರಿನಿಂದ ಒಳಗೋಡೆಯನ್ನು ವಾರಕ್ಕೊಮ್ಮೆ ಗಸಗಸ ತಿಕ್ಕಬೇಕು. ಮುಚ್ಚಳ ಇಲ್ಲದ ಡ್ರಮ್ಮಿಗೆ ಹಳೇ ಹತ್ತಿ ಸೀರೆಯ ತುಂಡು ಬಿಗಿದು ಕಟ್ಟಿ. ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರು, ಕುಂಡದ ಕೆಳಗಿನ ತಾಟು, ಮಾಳಿಗೆ ಮೇಲಿನ ಹಳೇ ಟೈರು ಇವನ್ನೂ ನೋಡಿ.

ಕುಡಿಯುವ ನೀರಿಗೆ ಆರ್‌ಒ ಫಿಲ್ಟರ್ ಹಾಕಿಸಬೇಕಾ?

ಮಲಪ್ರಭೆಯ ನಳದ ನೀರಿಗೆ ಸಾಮಾನ್ಯವಾಗಿ ಬೇಕಿಲ್ಲ. ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿದ ಉಪ್ಪು-ಖನಿಜದ ಅಳತೆ, 500ರ ಒಳಗಿದ್ದರೆ ಕಾಯಿಸಿದರೆ ಆಯಿತು, ಇಲ್ಲ ಯುವಿ ಫಿಲ್ಟರ್ ಸಾಕು. ಆರ್‌ಒ ಒಂದು ಲೀಟರು ಒಳ್ಳೆ ನೀರು ಕೊಡಲು ಎರಡು ಮೂರು ಲೀಟರು ಹೊರಗೆ ಬಿಡುತ್ತದೆ. ವಾರಕ್ಕೊಮ್ಮೆ ನೀರು ಬರುವ ಮನೆಗೆ ಇದು ಯಾವ ಲೆಕ್ಕ?

ಬೋರ್ ನೀರು ಕುಡಿಯುವವರ ಮಾತು ಬೇರೆ. ಗದಗ ಜಿಲ್ಲೆಯ ಮುಂಡರಗಿ ಕಡೆಯಂಥ ಊರುಗಳಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಅಲ್ಲಿ ಆರ್‌ಒ ಬೇಕೇ ಬೇಕು. ಹೊರಬಿಟ್ಟ ನೀರನ್ನು ಕೊಡದಲ್ಲಿ ಹಿಡಿದು ಸಂಡಾಸಿಗೆ, ನೆಲಕ್ಕೆ ಬಳಸಿ. ಕುಂಡದ ಗಿಡಕ್ಕೆ ದಿನಾ ಹಾಕಿದರೆ ಮಣ್ಣು ಉಪ್ಪಾಗುತ್ತದೆ.

ಮಳೆನೀರು ಇಂಗಿಸಲು ಗುಂಡಿ ತೋಡಿಸಿದೆವು, ನೀರು ಇಂಗುತ್ತಲೇ ಇಲ್ಲ. ಯಾಕೆ?

ನಿಮ್ಮದು ಎರಿ ನೆಲವೇ ಕೇಳಿಕೊಳ್ಳಿ. ಹುಬ್ಬಳ್ಳಿಯ ಎಷ್ಟೋ ಬಡಾವಣೆ, ನವಲಗುಂದ, ಅಣ್ಣಿಗೇರಿ, ಗದಗ ಕಡೆಯದ್ದು ಕರೀ ಎರಿ. ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಳ್ಳುವ ಮಣ್ಣು ಅದು. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ, ಎರಡು ಮಳೆ ಬಿದ್ದ ಮೇಲೆ ಹನಿ ಒಳಗೆ ಬಿಡುವುದಿಲ್ಲ. ಧಾರವಾಡದ ಕೆಂಪು ಮಸಾರಿಯಲ್ಲಿ ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಎರಿಯಲ್ಲಿ, ಅದೂ ಮನೆಯ ಬುನಾದಿ ಪಕ್ಕದಲ್ಲೇ, ಗುಂಡಿ ತೋಡಿ ನೀರು ನಿಲ್ಲಿಸುವುದು ಗೋಡೆಗೂ ಒಳ್ಳೆಯದಲ್ಲ. ಅಲ್ಲಿ ಸಂಪಿಗೆ ತುಂಬಿಸಿಕೊಳ್ಳುವುದೇ ಜಾಣತನ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರು. ಸಾವಿರ ಚದರಡಿಯ ಮಾಳಿಗೆ ಅಂದರೆ 93 ಚದರ ಮೀಟರ್. 10 ಮಿ.ಮೀ.ಯ ಒಂದು ಸಾಧಾರಣ ಮಳೆಗೆ 930 ಲೀಟರು ಬೀಳುತ್ತದೆ. ಚೆಲ್ಲಿದ್ದು, ಹೀರಿದ್ದು ಬಿಟ್ಟು 700 ಲೀಟರಂತೂ ಕೈಗೆ ಸಿಗುತ್ತದೆ. ಧಾರವಾಡದಲ್ಲಿ ವರ್ಷಕ್ಕೆ 700ರಿಂದ 800 ಮಿ.ಮೀ., ಗದಗಿನಲ್ಲಿ 600ರ ಆಸುಪಾಸು. ಮೊದಲ ಒಂದೆರಡು ಮಳೆಯ ನೀರು ಹೊರಗೆ ಬಿಡಿ, ಅದರಲ್ಲಿ ಬೇಸಿಗೆಯ ದೂಳು, ಪಾರಿವಾಳದ ಹಿಕ್ಕೆ ಎಲ್ಲ ಇರುತ್ತದೆ. ಆಮೇಲೆ ಜಾಳಿಗೆ ಕಟ್ಟಿ, ಪೈಪಿನಿಂದ ಸಂಪಿಗೆ ಇಳಿಸಿ. ದೊಡ್ಡ ವ್ಯವಸ್ಥೆಗೆ ರೊಕ್ಕ ಇಲ್ಲದಿದ್ದರೆ ಮಾಳಿಗೆ ಪೈಪಿನ ಕೆಳಗೆ ಒಂದು ಡ್ರಮ್ಮು ಇಟ್ಟರೂ ನಡೆಯುತ್ತದೆ.

ನಾವು ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಂದೇ ಕಡೆ ಸುರುವಿಕೊಂಡು ಹೋಗ್ತಾರೆ. ಹಂಗಾರ ಯಾಕೆ ಬೇರೆ ಮಾಡಬೇಕು?

ಸಿಟ್ಟು ಬರೋದು ಸಹಜ. ಹಸಿ ಕಸ ಮನೆಯಲ್ಲೇ ಉಳಿಸಿಕೊಳ್ಳಿ, ಆಗ ಬೆರೆಸಲು ಏನೂ ಇರುವುದಿಲ್ಲ. ಒಣ ಕಸದಲ್ಲಿ ಒಣ ಕಸ ಬಿದ್ದರೆ ಕೆಡುವುದು ಏನು? ಒಂದು ರಟ್ಟಿನ ಪೆಟ್ಟಿಗೆಗೆ ಸಾರು ಚೆಲ್ಲಿದರೆ ಮಾತ್ರ ಅದು ರದ್ದಿಗೂ ಹೋಗುವುದಿಲ್ಲ, ಗೊಬ್ಬರಕ್ಕೂ ಹೋಗುವುದಿಲ್ಲ.

2016ರ ಘನತ್ಯಾಜ್ಯ ನಿಯಮ ಬಂದಾಗಿನಿಂದ ಕಸವನ್ನು ಬೇರೆ ಮಾಡಿ ಕೊಡುವುದು ಮನೆಯವರ ಹೊಣೆಯೇ. ಕಾನೂನಿಗಿಂತ ಗಾಡಿಯ ಮೇಲೆ ನಿಂತವರನ್ನು ನೆನೆಸಿಕೊಳ್ಳಿ. ಬರಿಗೈಯಲ್ಲೋ ಹರಿದ ಗ್ಲೌಸಿನಲ್ಲೋ ನಮ್ಮ ಬುಟ್ಟಿ ಕೆದರುವವರು ಅವರು. ಒಡೆದ ಗಾಜು, ಬ್ಲೇಡು, ಇಂಜೆಕ್ಷನ್ ಸೂಜಿ ಇದ್ದರೆ ದಪ್ಪ ರಟ್ಟಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಕೈಯಲ್ಲೇ ಕೊಟ್ಟು "ಅಣ್ಣಾರ, ಇದರಾಗ ಗಾಜು ಅದಾವ್ರಿ" ಅಂತ ಬಾಯಿಬಿಟ್ಟು ಹೇಳಿ. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬು ಒಡೆಯಬೇಡಿ, ಒಳಗೆ ಪಾದರಸ ಇದೆ.

ಅಂಗಳ ಇಲ್ಲ, ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಗೊಬ್ಬರ ಮಾಡಿದರೆ ನಾರುವುದಿಲ್ವಾ?

ನಾರುತ್ತಿದೆ ಅಂದರೆ ನೀರಿನಂಶ ಜಾಸ್ತಿ, ಒಣ ಎಲೆ ಕಡಿಮೆ ಅಂತ ಅರ್ಥ. ಬೇರೆ ಕಾರಣ ಬಹಳ ಕಮ್ಮಿ.

ಬಣ್ಣದ ಖಾಲಿ ಡಬ್ಬಿ ಎರಡು ಸಾಕು, 20 ಲೀಟರಿನವು. ಪಕ್ಕಕ್ಕೆಲ್ಲ, ತಳಕ್ಕೂ, ಬಿಸಿ ಮಾಡಿದ ಮೊಳೆಯಿಂದ ತೂತು ಹಾಕಿ. ತಳದಲ್ಲಿ ನಾಲ್ಕು ಬೆರಳು ಒಣ ಎಲೆ ಹಾಸಿ. ಒಂದು ಮುಷ್ಟಿ ಹಳೇ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ. ದಿನದ ಸಿಪ್ಪೆ, ಚಹಾಪುಡಿ, ಬಾಡಿದ ಸೊಪ್ಪು, ದೇವರ ಹೂವು ಹಾಕಿ, ಅದರ ಎರಡರಷ್ಟು ಒಣ ಪದಾರ್ಥ ಮೇಲೆ ಮುಚ್ಚಿ. ಒಣ ಪದಾರ್ಥಕ್ಕೆ ನಮ್ಮ ಕಡೆ ಬರಗಾಲವಿಲ್ಲ. ಶೇಂಗಾ ಸಿಪ್ಪಿ, ಜೋಳದ ಹೊಟ್ಟು, ಪುಡಿ ಮಾಡಿದ ಕಣಿಕಿ (ಜೋಳದ ಒಣ ದಂಟು), ಬಡಗಿಯ ಕಟ್ಟಿಗೆ ಪುಡಿ, ಧಾರವಾಡದ ರಸ್ತೆ ಬದಿ ಉದುರಿದ ಎಲೆ. ಬೇಸಿಗೆ ಮುಗಿಯುವ ಮುಂಚೆ ಒಂದು ಗೋಣಿಚೀಲ ಎಲೆ ತುಂಬಿಟ್ಟುಕೊಳ್ಳಿ, ಮಳೆಗಾಲದಲ್ಲಿ ಒಣ ಎಲೆ ಸಿಗುವುದಿಲ್ಲ.

ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ಅಂಗೈ ಒದ್ದೆಯಾಗಿ ಒಂದೆರಡು ಹನಿ ಬಂದರೆ ಹದ ಸರಿ ಇದೆ. ಧಾರೆ ಇಳಿದರೆ ಎಲೆ ಹಾಕಿ, ಪುಡಿಪುಡಿ ಉದುರಿದರೆ ನೀರು ಚಿಮುಕಿಸಿ. ಒಂದು ಡಬ್ಬಿ ತುಂಬಿದ ಮೇಲೆ ಅದನ್ನು ಮುಚ್ಚಿ ಬಿಟ್ಟು ಇನ್ನೊಂದಕ್ಕೆ ಹೋಗಿ. ಎರಡು ಎರಡೂವರೆ ತಿಂಗಳಿಗೆ ಮೊದಲ ಮಳೆಯ ಮಣ್ಣಿನ ವಾಸನೆ ಬರುವ ಕರೀ ಗೊಬ್ಬರ ಸಿಗುತ್ತದೆ. ಚಳಿಗಾಲದಲ್ಲಿ ಸ್ವಲ್ಪ ತಡ. ಸಾರು, ಎಣ್ಣೆ, ಮಾಂಸ, ಹಾಲು ಹಾಕಬೇಡಿ.

ಬೂದು ಬಣ್ಣದ ದಪ್ಪ ಹುಳ ಕಂಡರೆ ಹೆದರಬೇಡಿ. ಕಪ್ಪು ನೊಣವೊಂದರ ಮರಿಗಳು ಅವು, ಕಡಿಯುವುದಿಲ್ಲ, ಕಸವನ್ನು ನಿಮಗಿಂತ ಬೇಗ ಮುಗಿಸುತ್ತವೆ. ನೋಡಲು ಅಸಹ್ಯ, ಒಪ್ಪೋಣ. ಒಣ ಎಲೆ ಹಾಕುತ್ತಾ ಹೋದರೆ ಕಡಿಮೆಯಾಗುತ್ತವೆ.

ಮುಸುರಿ, ಸಿಪ್ಪೆ ಎಮ್ಮೆಗೆ ಹಾಕಿದರೆ ಆಗೋದಿಲ್ವಾ?

ಓಣಿಯಲ್ಲಿ ಗೌಳಿಗರ ಎಮ್ಮೆ ಇದ್ದರೆ ಗೊಬ್ಬರಕ್ಕಿಂತ ಅದೇ ಒಳ್ಳೆಯದು. ಧಾರವಾಡ ಪೇಡೆ ತಿನ್ನುವವರಿಗೆ ಎಮ್ಮೆಯ ಹಾಲಿನ ಬೆಲೆ ಹೇಳಿಕೊಡಬೇಕೇ? ಬುಟ್ಟಿಯಲ್ಲಿ ಒಯ್ದು ಸುರುವಿ ಬನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ರಸ್ತೆ ಪಕ್ಕ ಇಟ್ಟರೆ ದನ ಚೀಲವನ್ನೂ ನುಂಗುತ್ತದೆ. ಬೂಸು ಬಂದ ಅನ್ನ, ಹಳಸಿದ ಸಾರು ಬೇಡ. ರಾಶಿ ಅನ್ನವನ್ನು ಒಂದೇ ಸಲ ಹಾಕಿದರೂ ದನಕ್ಕೆ ಹೊಟ್ಟೆ ಕೆಡುತ್ತದೆ. ಮದುವೆ ಮನೆಯವರು ಇದನ್ನು ಗಮನಿಸಬೇಕು.

ಪ್ಲಾಸ್ಟಿಕ್ ಪೂರ್ತಿ ಬಿಡಲು ಆಗುತ್ತಾ?

ಪೂರ್ತಿ ಆಗುವುದಿಲ್ಲ. ಹಾಲೇ ಪ್ಲಾಸ್ಟಿಕ್ಕಿನಲ್ಲಿ ಬರುತ್ತದೆ. ಕೈಚೀಲದ ವಿಷಯದಲ್ಲಿ ಮಾತ್ರ ನೆಪ ಹೇಳುವ ಹಾಗಿಲ್ಲ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ನಿಷೇಧ. ಸ್ಟ್ರಾ, ಚಮಚ, ಥರ್ಮೊಕೋಲ್ ಅಲಂಕಾರದಂಥ ಒಮ್ಮೆ ಬಳಸಿ ಬಿಸಾಡುವ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ. ದುರ್ಗದ ಬೈಲಿನಲ್ಲಿ ಒಮ್ಮೆ ಸುತ್ತಿದರೆ ನಿಷೇಧ ಎಷ್ಟು ನಡೆಯುತ್ತಿದೆ ಗೊತ್ತಾಗುತ್ತದೆ, ಆ ಮಾತು ಬೇರೆ. ಚೀಲ ಮನೆಯ ಗೂಟಕ್ಕೆ ತೂಗುಹಾಕಿದರೆ ಪ್ರಯೋಜನವಿಲ್ಲ. ಗಾಡಿಯ ಡಿಕ್ಕಿಯಲ್ಲಿ ಒಂದು, ಆಫೀಸಿನ ಬ್ಯಾಗಿನಲ್ಲಿ ಒಂದು ಇರಬೇಕು. ಅರಿವೆ ಅಂಗಡಿಯವರು ಕೊಡುವ, ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ತೆಳು ಚೀಲಗಳೂ ಪ್ಲಾಸ್ಟಿಕ್ಕೇ. ಬೆಂಕಿ ತಾಗಿಸಿದರೆ ಕರಗುತ್ತವೆ.

ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ. ಕೂದಲೆಳೆಯಷ್ಟು ಅಂಟಿಕೊಂಡಿರಲಿ. ಆ ಉಗುರಿನಷ್ಟು ಚೂರನ್ನು ಯಾರೂ ಆಯುವುದಿಲ್ಲ, ಅದು ಗಟಾರಕ್ಕೇ ಹೋಗುತ್ತದೆ. ಪಾಕೀಟು ಬಿಡಿಸಿ, ತೊಳೆದು, ಅಡಿಗೆಮನೆ ಗೋಡೆಯ ಹಂಚಿಗೆ ಅಂಟಿಸಿದರೆ ಸಂಜೆಗೆ ಒಣಗಿರುತ್ತದೆ. ತಿಂಗಳಿಗೊಮ್ಮೆ ರದ್ದಿ ಪೇಪರಿನ ಜೊತೆ ಕೊಟ್ಟುಬಿಡಿ.

ಮನೆಯ ಕಾರ್ಯಗಳಿಗೆ ಪತ್ರಾವಳಿ ತನ್ನಿ. ಗೊಬ್ಬರವೂ ಆಗುತ್ತದೆ.

ಕಸಕ್ಕೆ ಬೆಂಕಿ ಹಚ್ಚಿದರೆ ಕೆಲಸ ಮುಗೀತಲ್ವಾ?

ಬೇಡ. ಪ್ಲಾಸ್ಟಿಕ್ಕಿನ ಹೊಗೆಯಲ್ಲಿ ಡೈಆಕ್ಸಿನ್‌ನಂಥ ವಿಷ ಇರುತ್ತದೆ, ಅದು ಮೊದಲು ಹೋಗುವುದು ನಿಮ್ಮದೇ ಮನೆಯ ಕೂಸಿನ ಮೂಗಿಗೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಒಣ ಎಲೆಯನ್ನಂತೂ ಸುಡಲೇಬೇಡಿ, ಮೇಲಿನ ಡಬ್ಬಿಗೆ ಬೇಕು.

ಪ್ಯಾಡು, ಡೈಪರು ಏನು ಮಾಡೋದು?

ಪೇಪರಿನಲ್ಲಿ ಸುತ್ತಿ, ಮೇಲೆ ಗುರುತು ಮಾಡಿ, ಒಣ ಕಸದಿಂದ ಬೇರೆಯಾಗಿ ಕೊಡಿ. ಸಂಡಾಸಿನಲ್ಲಿ ಹಾಕಿದರೆ ಒಳಚರಂಡಿ ಕಟ್ಟುತ್ತದೆ. ಬಟ್ಟೆಯ ಪ್ಯಾಡು, ಮುಟ್ಟಿನ ಕಪ್ಪು ಬಳಸುವವರು ಈಗ ಬಹಳ ಇದ್ದಾರೆ. ಒಂದು ಕಪ್ಪು ಸರಿಯಾಗಿ ಕುದಿಸಿ ಬಳಸಿದರೆ ವರ್ಷಗಟ್ಟಲೆ ಬರುತ್ತದೆ. ಆದರೆ ಇದು ಬಳಸುವವರೇ ತೀರ್ಮಾನಿಸಬೇಕಾದ ವಿಷಯ. ಬಟ್ಟೆಯ ಪ್ಯಾಡಿಗೆ ತೊಳೆಯಲು ಸಾಕಷ್ಟು ನೀರು, ಬಿಸಿಲಲ್ಲಿ ಒಣಹಾಕಲು ಜಾಗ ಬೇಕು. ಅವೆರಡೂ ಇಲ್ಲದ ಮನೆಯಲ್ಲಿ ಪರಿಸರದ ಹೆಸರಿನಲ್ಲಿ ಒತ್ತಾಯ ಮಾಡುವುದು ಸರಿಯಲ್ಲ. ಕೂಸಿಗೆ ಮನೆಯಲ್ಲಿದ್ದಾಗ ಹಳೇ ಧೋತರದ ಲಂಗೋಟಿ, ಊರಿಗೆ ಹೋಗುವಾಗ ಡೈಪರು ಅಂತ ಮಾಡಿದರೂ ಅರ್ಧ ಕಸ ಉಳಿಯುತ್ತದೆ.

ಗೃಹಜ್ಯೋತಿಯಲ್ಲಿ ಕರೆಂಟ್ ಫ್ರೀ ಇದೆ. ಉಳಿಸಿ ಏನು ಮಾಡಬೇಕು?

200 ಯೂನಿಟ್ ಎಲ್ಲರಿಗೂ ಫ್ರೀ ಅನ್ನುವುದು ತಪ್ಪು ತಿಳಿವಳಿಕೆ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದ ಮನೆಗೆ 10 ಯೂನಿಟ್) ಸೇರಿಸಿದ್ದು ನಿಮ್ಮ ಮಿತಿ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ರೊಕ್ಕ, 200 ದಾಟಿದರೆ ಪೂರ್ತಿ ಬಿಲ್ಲು. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಿತಿ ನೋಡಿಕೊಳ್ಳಿ. 190ರಲ್ಲಿರುವ ಮನೆಗೆ ಏಪ್ರಿಲ್, ಮೇ ತಿಂಗಳಲ್ಲಿ ಎರಡು ಫ್ಯಾನು ಜಾಸ್ತಿ ತಿರುಗಿದರೂ ಪೆಟ್ಟು ಬೀಳುತ್ತದೆ.

ಹಳೇ ಫ್ಯಾನು 75 ವ್ಯಾಟ್. ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಮ್ಮಿ ಕರೆಂಟು ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್‌ನ ಹತ್ತಿರ, ತಿಂಗಳಿಗೆ 11 ಯೂನಿಟ್. ಹಳೇದನ್ನು ಎಲ್ಲಾ ಕಿತ್ತು ಹಾಕಬೇಕಿಲ್ಲ. ಅತಿ ಹೆಚ್ಚು ತಿರುಗುವ ಒಂದನ್ನು, ಅಂದರೆ ಮಲಗುವ ಕೋಣೆಯದನ್ನು, ಬದಲಾಯಿಸಿ. 2,000 ವ್ಯಾಟಿನ ಗೀಸರ್ ಅರ್ಧ ತಾಸಿಗೆ ಒಂದು ಯೂನಿಟ್ ತಿನ್ನುತ್ತದೆ. ಮುಂಜಾನೆ ಒಬ್ಬರ ಹಿಂದೆ ಒಬ್ಬರು ಜಳಕ ಮುಗಿಸಿದರೆ ಅದನ್ನು ಪದೇ ಪದೇ ಹಾಕುವುದು ತಪ್ಪುತ್ತದೆ.

ಸೋಲಾರ್ ಹಾಕಿಸೋದು ಲಾಭವಾ?

ಬಿಸಿನೀರಿನ ಸೋಲಾರ್ ಲಾಭ, ಅನುಮಾನ ಬೇಡ. ನಮ್ಮ ಊರಲ್ಲಿ ಮಳೆಗಾಲ ಬಿಟ್ಟರೆ ಬಿಸಿಲಿಗೆ ಕೊರತೆ ಇಲ್ಲ. ಅದಕ್ಕೆ ಗಡಸು ಬೋರ್ ನೀರು ಹಾಯಿಸಿದರೆ ಪೈಪಿನಲ್ಲಿ ಸುಣ್ಣ ಕಟ್ಟುತ್ತದೆ, ಅದನ್ನು ನೋಡಿಕೊಳ್ಳಿ.

ಕರೆಂಟ್ ಸೋಲಾರ್ ಲಾಭವೋ ಅಲ್ಲವೋ ಅನ್ನುವುದು ನಿಮ್ಮ ಬಿಲ್ಲಿನ ಮೇಲೆ ನಿಂತಿದೆ. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಮಾಳಿಗೆ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದರ ಮೇಲೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವ ಮನೆಗೆ ರೊಕ್ಕದ ಲೆಕ್ಕದಲ್ಲಿ ಅವಸರವಿಲ್ಲ. ಪ್ರತಿ ತಿಂಗಳು 200 ದಾಟುವವರು, ಮಾಳಿಗೆ ಮೇಲೆ ನೆರಳಿಲ್ಲದವರು ಯೋಚಿಸಬಹುದು.

ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಏನು ವ್ಯತ್ಯಾಸ?

ಹೋಗಿಬರಲು 40 ಕಿಲೋಮೀಟರ್ ಮೇಲೆ, ಅಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರು ಪೆಟ್ರೋಲು. ಒಂದು ಲೀಟರು ಪೆಟ್ರೋಲು ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. 2018ರಿಂದ ಚಿಗರಿ ಬಸ್ಸು ಓಡುತ್ತಿದೆ, ತನ್ನದೇ ದಾರಿಯಲ್ಲಿ. ವಾರದಲ್ಲಿ ಮೂರು ದಿನ ಅದರಲ್ಲಿ ಹೋದರೂ ಆಯಿತು.

ಊಟದಲ್ಲಿ ಏನು ಬದಲಾಯಿಸಬೇಕು?

ಜೋಳದ ರೊಟ್ಟಿ ಬಿಡದಿದ್ದರೆ ಸಾಕು. ಹಿಂಗಾರಿ ಬಿಳಿಜೋಳಕ್ಕೆ ಕಾಲುವೆ ನೀರು ಬೇಕಿಲ್ಲ. ಎರಿ ಭೂಮಿ ಮಳೆಗಾಲದಲ್ಲಿ ಕುಡಿದಿಟ್ಟುಕೊಂಡ ತೇವದಲ್ಲೇ, ಚಳಿಗಾಲದ ಇಬ್ಬನಿಯಲ್ಲೇ ಬೆಳೆದು ಬರುತ್ತದೆ. ದನಕ್ಕೆ ಕಣಿಕಿಯೂ ಸಿಗುತ್ತದೆ. ಅಕ್ಕಿಗೆ ಗದ್ದೆ ತುಂಬ ನೀರು ನಿಲ್ಲಿಸಬೇಕು. ಊರಿನ ಹಕ್ಕರಕಿ, ಮೆಂತೆ, ರಾಜಗಿರಿ, ಪುಂಡಿ ಪಲ್ಲೆ ಬಿಟ್ಟು ದೂರದಿಂದ ಲಾರಿಯಲ್ಲಿ ಬಂದ ಬ್ರೊಕೋಲಿ ಹುಡುಕುವುದು ಯಾಕೆ?

ತಂಗಳ ರೊಟ್ಟಿಯನ್ನು ಮುರಿದು ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟರೆ ಮಕ್ಕಳು ತಾಜಾ ರೊಟ್ಟಿಗಿಂತ ಜಾಸ್ತಿ ತಿನ್ನುತ್ತಾರೆ. ಉಳಿದ ಅನ್ನದ ವಿಷಯದಲ್ಲಿ ಎಚ್ಚರ ಇರಲಿ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಇಡಬೇಡಿ, ಆರಿದ ಕೂಡಲೇ ಫ್ರಿಜ್ಜಿಗೆ ಹಾಕಿ. ಉಳಿತಾಯದ ಹೆಸರಿನಲ್ಲಿ ಹೊಟ್ಟೆ ಕೆಡಿಸಿಕೊಳ್ಳುವುದು ಯಾರಿಗೂ ಬೇಕಿಲ್ಲ.

ಹಳೇ ಬಟ್ಟೆ ರಾಶಿ ಬಿದ್ದಿದೆ. ಕೌದಿ ಹೊಲಿಸಬಹುದಾ?

ಹತ್ತಿ ಸೀರೆ, ಧೋತರ ಇದ್ದರೆ ಖಂಡಿತ. ಕೌದಿಗೆ ಮೆತ್ತಗಾದ ಹಳೇ ಹತ್ತಿಯೇ ಬೇಕು. ಪಾಲಿಯೆಸ್ಟರ್ ಸೀರೆ ಹಾಕಿದರೆ ಬೆವರು ಹೀರುವುದಿಲ್ಲ, ಜಾರುತ್ತದೆ. ಹೊಲಿಯುವ ಅಕ್ಕಂದಿರಿಗೆ ಕೂಲಿ ಕೊಡುವಾಗ ಚೌಕಾಸಿ ಮಾಡಬೇಡಿ. ಕೈಹೊಲಿಗೆಯ ಒಂದು ದೊಡ್ಡ ಕೌದಿಗೆ ಬಹಳ ದಿನದ ಕೆಲಸ ಇರುತ್ತದೆ. ಹೊಸದು ಕೊಳ್ಳುವಾಗ ಕಡಿಮೆ ಕೊಂಡು, ಬಾಳುವುದನ್ನು ಕೊಳ್ಳಿ. ರಾಷ್ಟ್ರಧ್ವಜ ಹೊಲಿಯುವ ಖಾದಿ ಸಂಘ ನಮ್ಮ ಬೆಂಗೇರಿಯಲ್ಲೇ 1957ರಿಂದ ಇದೆ. ಧ್ವಜ ನೋಡಿ ಹೆಮ್ಮೆ ಪಡುವವರು ವರ್ಷಕ್ಕೊಂದು ಖಾದಿ ಅಂಗಿಯನ್ನೂ ಹೊಲಿಸಬಹುದು.

ಗಣಪತಿ, ರಂಗಪಂಚಮಿ ಬಂದಾಗ ಏನು ಮಾಡೋದು? ಹಿರಿಯರು ಒಪ್ಪೋದಿಲ್ಲ.

ಹಿರಿಯರನ್ನೇ ಮುಂದೆ ಮಾಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಕರೀ ಮಣ್ಣು ಕಲಸಿ ಎತ್ತು ಮಾಡಿದ ಕೈಗಳು ಅವು. ಬಣ್ಣ ಇಲ್ಲ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಇಲ್ಲ. ಅದೇ ಮಣ್ಣಿನಲ್ಲಿ ಗಣಪತಿ ಮಾಡಿಕೊಡಿ ಅಂತ ಅಜ್ಜನನ್ನೇ ಕೇಳಿ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ. ಬಕೆಟ್ಟಿನಲ್ಲಿ ಕರಗಿಸಿ ಆ ನೀರನ್ನು ಗಿಡಕ್ಕೆ ಹಾಕಿ. ಪಿಒಪಿ ಮೂರ್ತಿ ನೀರಿನಲ್ಲಿ ಕರಗುವುದಿಲ್ಲ, ವಿಸರ್ಜನೆಯ ಮರುದಿನ ಬಾವಿಯಲ್ಲಿ ಅದರ ಗತಿ ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಹುಬ್ಬಳ್ಳಿಯಲ್ಲಿ ಓಕುಳಿ ಆಡುವುದು ಹುಣ್ಣಿಮೆಯಾಗಿ ಐದನೇ ದಿನ, ರಂಗಪಂಚಮಿಗೆ. ಬೇಸಿಗೆ ಆಗಲೇ ಕಾಲಿಟ್ಟಿರುತ್ತದೆ. ಹಲಗಿ ಬಡಿಯಿರಿ, ಒಣ ಬಣ್ಣ ಹಚ್ಚಿ. ನೀರು ಎರಚಲೇಬೇಕು ಅನ್ನುವ ಹುಡುಗರಿಗೆ ಡ್ರಮ್ಮಿನ ಹಳೇ ನೀರು ಕೊಡಿ.

ಬಾಡಿಗೆ ಮನೆಯಲ್ಲಿದ್ದೇವೆ. ಇದರಲ್ಲಿ ನಮಗೆ ಏನು ಸಾಧ್ಯ?

ಮಳೆನೀರಿನ ಪೈಪು, ಸೋಲಾರ್ ಇವು ಮಾಲೀಕರ ಕೆಲಸ. ಮಾತಾಡಿ ನೋಡಿ, ಹಾಕಿಸುವ ಖರ್ಚಿನಲ್ಲಿ ಸ್ವಲ್ಪ ಬಾಡಿಗೆಯಲ್ಲಿ ಮುರಿದುಕೊಳ್ಳಲು ಕೆಲವರು ಒಪ್ಪುತ್ತಾರೆ. ಸೋರುವ ನಳ, ಸಂಡಾಸಿನ ಫ್ಲಶ್ ಟಾಕಿ ರಿಪೇರಿಗೆ ಮಾತ್ರ ಕಾಯಬೇಡಿ, ನೀವೇ ಮಾಡಿಸಿ ರಸೀದಿ ತೋರಿಸಿ. ಗೊಬ್ಬರದ ಡಬ್ಬಿಗೆ ಒಪ್ಪಿಗೆ ಕೇಳಬೇಕಿಲ್ಲ, ನೆಲಕ್ಕೆ ಕಲೆ ಆಗದ ಹಾಗೆ ಕೆಳಗೆ ಒಂದು ತಾಟು ಇಡಿ. ಬಿಎಲ್‌ಡಿಸಿ ಫ್ಯಾನು, ಕುಂಡಗಳು, ಡಬ್ಬಿಗಳು ಮನೆ ಬಿಡುವಾಗ ನಿಮ್ಮ ಜೊತೆಗೇ ಬರುತ್ತವೆ. ಮಾಲೀಕರ ಹಳೇ ಫ್ಯಾನನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಇಟ್ಟಿರಿ. ಹೋಗುವಾಗ ಅದನ್ನೇ ತಿರುಗಿ ಹಾಕಿಕೊಡಬೇಕಾಗುತ್ತದೆ.